ಪುಡಿಯ ಪಾಲು

ಮೂವತ್ತೊಂದು ವರ್ಷ ಓಣಿಯ ಆಸ್ಪತ್ರೆಯ ಆ ಉದ್ದನೆಯ ಕೋಣೆಯಲ್ಲಿ ನಿಂತುಕೊಂಡೇ ಕೆಲಸ ಮಾಡಿದವಳನ್ನು ಇವತ್ತು ಮೊದಲ ಸಲ ಕುರ್ಚಿಯ ಮೇಲೆ ಕೂರಿಸಿದ್ದರು. ಕೂತು ಅಭ್ಯಾಸವಿಲ್ಲದ ಅಳತೆಯಮ್ಮ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ವಾಲುತ್ತ, ಎದುರಿಗೆ ಚಾಪೆಯ ಮೇಲೆ ಕೂತ ಹೆಂಗಸರ ಮಡಿಲಲ್ಲಿದ್ದ ಮಕ್ಕಳನ್ನು ಕಣ್ಣಲ್ಲೇ ತೂಗುತ್ತಿದ್ದಳು. ಮೂರನೇ ಸಾಲಿನದು ಪರವಾಗಿಲ್ಲ. ಕಿಟಕಿ ಪಕ್ಕದ್ದಕ್ಕೆ ಹೊಟ್ಟೆಯಲ್ಲಿ ಹುಳ. ಬಾಗಿಲ ಬಳಿಯದು ಅಜ್ಜಿಯ ಮುದ್ದಿನಿಂದಲೇ ಉಬ್ಬಿದ್ದು. ನಿವೃತ್ತಿ ಅನ್ನುವುದು ಕಾಗದಕ್ಕೆ ಬರುತ್ತದೆ, ಕಣ್ಣಿಗೆ ಬರುತ್ತದೆಯೇ?

ಅವಳು ನರ್ಸು. ಓಣಿಯ ಮಕ್ಕಳಿಗೆ ಮಾತ್ರ ಅಳತೆಯಮ್ಮ. ಅವಳ ಜೇಬಿನಲ್ಲಿ ಸದಾ ಒಂದು ಮೂರು ಬಣ್ಣದ ಪಟ್ಟಿ ಇರುತ್ತಿತ್ತು. ಅದನ್ನು ಮಗುವಿನ ತೋಳಿಗೆ ಸುತ್ತಿ ಮೆತ್ತಗೆ ಎಳೆದರೆ ಸಣ್ಣ ಕಿಂಡಿಯಲ್ಲಿ ಬಣ್ಣ ಕಾಣುತ್ತದೆ. ಹಸಿರು ಬಂದರೆ ಮಗು ಸೀದಾ ಮನೆಗೆ. ಹಳದಿ ಬಂದರೆ ತಾಯಿಗೆ ಎರಡು ಬೈಗುಳ. ಕೆಂಪು ಬಂದರೆ ಪುಡಿಯ ಸಾಲಿಗೆ. ಪುಡಿಯೆಂದರೆ ಬೆಳ್ಳಿ ಬಣ್ಣದ ಪುಟ್ಟ ಪೊಟ್ಟಣದಲ್ಲಿ ಬರುತ್ತಿದ್ದ ಹಾಲಿನ ಪುಡಿ, ಸಕ್ಕರೆ, ಬೇಳೆಹಿಟ್ಟು, ಅದರೊಳಗೆ ಹತ್ತಾರು ವಿಟಮಿನ್ನು. ಬಾಯಿಗಿಟ್ಟರೆ ಮೊದಲು ಸಿಹಿ, ಆಮೇಲೆ ನಾಲಿಗೆಯ ಬುಡದಲ್ಲಿ ಕಬ್ಬಿಣದ ರುಚಿ. ದಿನಕ್ಕೆ ಎರಡು ಪೊಟ್ಟಣ, ಹದಿನೈದು ದಿನಕ್ಕೆ ಮೂವತ್ತು.

ವಾರ ಬಿಟ್ಟು ವಾರ ಮಂಗಳವಾರ ಬಂತೆಂದರೆ ಈ ಕೋಣೆಯಿಂದ ಹೊರಗಿನ ನಲ್ಲಿಯವರೆಗೂ ಸಾಲು. ಒದ್ದೆ ಮಕ್ಕಳ ವಾಸನೆ, ಹಾಲಿನ ಪುಡಿಯ ವಾಸನೆ, ಒಂದು ಅತ್ತರೆ ಹತ್ತು ಅಳುವ ಗದ್ದಲ. ತಕ್ಕಡಿಯ ಹತ್ತಿರ ಕಾಂಪೌಂಡರ್ ಕೂರುತ್ತಿದ್ದ. ಬುಟ್ಟಿಯಲ್ಲಿಟ್ಟ ಮಗು ಉಚ್ಚೆ ಹೊಯ್ದರೆ, "ಬರ್ಕೊಳ್ಳಿ ಅಮ್ಮಾ, ನೂರು ಗ್ರಾಂ ನನ್ನ ಮೇಲೆ ಬಿತ್ತು, ಮಗೂದ್ರಲ್ಲಿ ಕಳೀರಿ," ಎಂದು ಗಂಭೀರವಾಗಿ ಹೇಳುತ್ತಿದ್ದ. ಈಗ ಅವನಿಲ್ಲ. ತಕ್ಕಡಿಯೂ ಹೋಗಿ ನಂಬರು ಬೆಳಗುವ ಯಂತ್ರ ಬಂದಿದೆ. ಆ ಗದ್ದಲವನ್ನು ಅವಳು ಎಷ್ಟು ಸಲ ಶಪಿಸಿದ್ದಳೋ ಲೆಕ್ಕವಿಲ್ಲ. ಇವತ್ತು ಕಿವಿ ಅದನ್ನೇ ಹುಡುಕುತ್ತಿತ್ತು.

ಬೀಳ್ಕೊಡುಗೆ ಏರ್ಪಡಿಸಿದವರು ಓಣಿಯ ಹೆಂಗಸರೇ. ಚಹಾ, ಬಿಸ್ಕತ್ತು, ಬಾಡಿಗೆಗೆ ತಂದ ಮೈಕು. ಮೈಕಿನ ಅಗತ್ಯ ಅಲ್ಲಿ ಯಾರ ಗಂಟಲಿಗೂ ಇರಲಿಲ್ಲ. ಮೊದಲು ಎದ್ದವಳು ಇಸ್ತ್ರಿ ಅಂಗಡಿಯವಳು. ಅವಳ ನಾಲ್ಕೂ ಮಕ್ಕಳು ಈ ಪಟ್ಟಿಯ ಕಿಂಡಿಯಲ್ಲಿ ಹಾದು ಬೆಳೆದವರು. ಈಗ ಮೊಮ್ಮಗ ಸೊಂಟದ ಮೇಲಿದ್ದ.

"ನಮ್ಮ ಅಳತೆಯಮ್ಮ ಅಂದ್ರೆ ಏನು ಅಂದ್ಕೊಂಡ್ರಿ?" ಎಂದು ಅವಳು ಅಳತೆಯಮ್ಮನ ಜಾಗಕ್ಕೆ ಬಂದಿದ್ದ ಹೊಸ ನರ್ಸಿನ ಕಡೆ ತಿರುಗಿದಳು. "ಇವರ ಕಣ್ಣು ತಪ್ಪಿಸಿ ಒಂದು ಚಿಟಿಕೆ ಪುಡಿ ಆಚೆ ಹೋಗ್ತಿರ್ಲಿಲ್ಲ. ಒಂದ್ಸಲ ಏನಾಯ್ತು ಗೊತ್ತಾ? ಬಾಟಲಿ ತೊಳೆಯೋ ಶೆಡ್ಡಿನಲ್ಲಿ ಒಬ್ಬಳಿದ್ಲು. ಮಗೂಗೆ ಕೊಟ್ಟ ಪುಡೀನ ಪೇಟೇಲಿ ಮಾರ್ಕೊಂಡು, ಖಾಲಿ ಪೊಟ್ಟಣ ಲೆಕ್ಕಕ್ಕೆ ತಂದಿಟ್ಲು. ಇವರು ಬಿಟ್ರಾ? ಎಲ್ಲರ ಎದುರಿಗೇ ಹಿಡಿದು, 'ಖಾಲಿ ಪೊಟ್ಟಣ ಮಗು ಕೈ ದಪ್ಪ ಮಾಡಲ್ಲ ಕಣೇ ಕಳ್ಳಿ' ಅಂತ ನೀರಿಳಿಸಿಬಿಟ್ರು! ಅವಳು ಬಾಲ ಮುದುರ್ಕೊಂಡು ಊರೇ ಬಿಟ್ಲು!"

ಕೋಣೆ ಹೋ ಎಂದು ನಕ್ಕಿತು. ಅಂದು ಹುಟ್ಟೇ ಇರದಿದ್ದ ಹುಡುಗಿಯರು ಕೊನೆಯ ಮಾತಿಗೆ ಮೊದಲೇ ನಕ್ಕಿದ್ದರು. ಅಂದರೆ ಕಥೆ ಅವರಿಗೂ ಗೊತ್ತಿತ್ತು. ಹತ್ತೊಂಬತ್ತು ವರ್ಷದಿಂದ ಇದು ಓಣಿಯಲ್ಲಿ ಬಾಯಿಂದ ಬಾಯಿಗೆ ತಿರುಗುತ್ತಿತ್ತೆಂದು ಅಳತೆಯಮ್ಮನಿಗೆ ಮಾತ್ರ ಇವತ್ತೇ ತಿಳಿದದ್ದು.

ಅವಳು ಚಹಾದ ಲೋಟವನ್ನು ಬಾಯಿಯಿಂದ ಇಳಿಸಿದಳು. ಏಕೆಂದರೆ ಆ ಹೆಂಗಸು ಒಂದು ಚಿಟಿಕೆಯನ್ನೂ ಮಾರಿರಲಿಲ್ಲ. ಅದನ್ನು ಇದೇ ಕೋಣೆಯಲ್ಲಿ, ಇದೇ ಜನರ ಮುಂದೆ ಹೇಳುತ್ತೇನೆಂದು ಅಳತೆಯಮ್ಮ ಅವಳಿಗೆ ಮಾತು ಕೊಟ್ಟಿದ್ದಳು. ಹೇಳಿರಲಿಲ್ಲ.

ಆಗ ಅಳತೆಯಮ್ಮನಿಗೆ ನಲವತ್ತೊಂದು. ಮೈಯಲ್ಲಿ ಕಸುವಿತ್ತು, ಬಾಯಿಗೆ ಬೀಗವಿರಲಿಲ್ಲ. ಮೇಲಿನ ಕಚೇರಿಯಿಂದ ಒಂದು ಕಾಗದ ಬಂದಿತ್ತು: ಮಕ್ಕಳ ಪುಡಿ ಪೇಟೆಯಲ್ಲಿ ಮಾರಾಟವಾಗುತ್ತಿದೆ, ಎಚ್ಚರವಿರಲಿ. ಅಂದಿನಿಂದ ಅಳತೆಯಮ್ಮ ಹೊಸ ಕಾನೂನು ತಂದಳು. ಮೂವತ್ತು ಖಾಲಿ ಪೊಟ್ಟಣ ವಾಪಸ್ಸು ತಂದವರಿಗೆ ಮಾತ್ರ ಮುಂದಿನ ಮೂವತ್ತು. ಜೊತೆಗೆ ಪ್ರತಿ ಸಲವೂ ಬಾಗಿಲಲ್ಲಿ ನಿಂತು ಕೂಗುತ್ತಿದ್ದಳು. "ಪುಡಿ ಒಂದೇ ಮಗೂಗೆ, ಒಂದೇ ತಟ್ಟೆಗೆ! ಯಾರಾದ್ರೂ ಮನೆಮಂದಿಗೆಲ್ಲಾ ಹಂಚಿದ್ದು ಗೊತ್ತಾದ್ರೆ ಅವತ್ತೇ ಬಂದ್!" ಸಾಲಿನ ಹೆಂಗಸರು ಒಂದೇ ರಾಗದಲ್ಲಿ "ಆಯ್ತಮ್ಮಾ" ಅನ್ನುತ್ತಿದ್ದರು.

ಬಾಟಲಿ ಶೆಡ್ಡಿನವಳಿಗೆ ಐದು ಮಕ್ಕಳು. ಎಲ್ಲಕ್ಕಿಂತ ಚಿಕ್ಕದನ್ನು ಅಕ್ಕಂದಿರು ಗುಬ್ಬಿ ಅನ್ನುತ್ತಿದ್ದರು. ಎರಡು ವರ್ಷವಾಗಿದ್ದರೂ ಒಂದು ವರ್ಷದ ಮಗುವಿನಷ್ಟಿತ್ತು. ನಿಲ್ಲಿಸಿದರೆ ಕೂರುತ್ತಿತ್ತು, ಕೂರಿಸಿದರೆ ಮಲಗುತ್ತಿತ್ತು. ಅಳುವುದಕ್ಕೂ ತ್ರಾಣವಿಲ್ಲದ ಮಗುವನ್ನು ಕಂಡರೆ ಅಳತೆಯಮ್ಮನಿಗೆ ಹೆದರಿಕೆ. ಅಳುವ ಮಗು ಬದುಕುವ ಮಗು ಎಂದೇ ಅವಳ ಲೆಕ್ಕ. ಪಟ್ಟಿ ಕಟ್ಟಿದರೆ ಕಡು ಕೆಂಪು. ಮೂವತ್ತು ಪೊಟ್ಟಣ ಕೊಟ್ಟಳು. ಹದಿನೈದು ದಿನದ ಮೇಲೆ ಮತ್ತೆ ಕೆಂಪು. ಮತ್ತೆ ಮೂವತ್ತು. ಮತ್ತೆ ಅದೇ ಕೆಂಪು, ಒಂದು ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಇನ್ನೊಂದು ಸಲ ಹೀಗಾದರೆ ಮಗುವನ್ನು ದೊಡ್ಡಾಸ್ಪತ್ರೆಗೆ ಸೇರಿಸಬೇಕು. ತಾಯಿ ತಿಂಗಳುಗಟ್ಟಲೆ ಅಲ್ಲೇ ಇರಬೇಕು. ಗಂಡನಿಲ್ಲದ ಹೆಂಗಸು, ಶೆಡ್ಡಿನ ಕೆಲಸ ಬಿಟ್ಟು ಉಳಿದ ನಾಲ್ಕನ್ನು ಯಾರ ಕೈಗೆ ಕೊಡುತ್ತಾಳೆ?

ಮೂರನೇ ಸಲ ಅವಳು ಖಾಲಿ ಪೊಟ್ಟಣಗಳನ್ನು ಮೇಜಿನ ಮೇಲಿಟ್ಟಳು. ಒಂದರ ಮೇಲೊಂದು ನೀಟಾಗಿ ಜೋಡಿಸಿ ದಾರ ಕಟ್ಟಿದ್ದಳು. ಎಣಿಸಿದರೆ ಸರಿಯಾಗಿ ಮೂವತ್ತು. ಆ ನೀಟುತನವೇ ಅಳತೆಯಮ್ಮನ ಪಿತ್ತ ನೆತ್ತಿಗೇರಿಸಿತು. ಪುಡಿಯೆಲ್ಲ ಖಾಲಿ, ಮಗು ಮಾತ್ರ ಹಾಗೇ ಇದೆ. ಹಾಗಾದರೆ ಪುಡಿ ಎಲ್ಲಿಗೆ ಹೋಯಿತು? ಕಚೇರಿಯ ಕಾಗದ ಕಣ್ಣ ಮುಂದೆ ಬಂತು. ಆಮೇಲೆ ಬಾಯಿಂದ ಬಂದದ್ದು ಇಸ್ತ್ರಿ ಅಂಗಡಿಯವಳು ಹೇಳಿದಷ್ಟೇ ಅಲ್ಲ, ಇನ್ನೂ ಇತ್ತು. ಹೆತ್ತ ಹೊಟ್ಟೆಯೋ ಕಲ್ಲೋ ಎಂದಳು. ನಿನ್ನಂಥವಳಿಗೆ ಮಕ್ಕಳು ಯಾಕೆ ಎಂದಳು. ಸಾಲಿನಲ್ಲಿ ಮೂವತ್ತು ಹೆಂಗಸರು ನಿಂತು ಕೇಳುತ್ತಿದ್ದರು.

ಆ ಹೆಂಗಸು ಇಲ್ಲ ಅನ್ನಲಿಲ್ಲ, ಹೌದು ಅನ್ನಲಿಲ್ಲ. ಬಾಟಲಿ ತೊಳೆಯುವ ಸೋಡಾ ನೀರಿನಲ್ಲಿ ಬೆಂದು ಬಿಳಿಚಿದ ಬೆರಳುಗಳಿಂದ ಗುಬ್ಬಿಯ ಅಂಗಿ ಸರಿಮಾಡಿ, ಸೊಂಟಕ್ಕೆ ಹಾಕಿಕೊಂಡು ಹೊರಟುಹೋದಳು. ಹೊಸ ಪೊಟ್ಟಣ ಕೇಳಲೂ ಇಲ್ಲ.

ಬೈದವಳಿಗೆ ಆ ದಿನ ಊಟ ಸೇರಲಿಲ್ಲ. ಸಂಜೆ ಐದಕ್ಕೆ ಹೊಸ ಪುಡಿ ಪೊಟ್ಟಣಗಳನ್ನು ಚೀಲಕ್ಕೆ ತುಂಬಿಕೊಂಡು ಹೊರಟಳು. ಪಶ್ಚಾತ್ತಾಪದಿಂದ ಹೊರಟಳು ಎಂದರೆ ಸುಳ್ಳಾಗುತ್ತದೆ. ಕಳ್ಳಿಯ ಕೈಗೆ ಪುಡಿ ಕೊಡದೆ ತಾನೇ ಮುಂದೆ ನಿಂತು ತಿನ್ನಿಸಬೇಕು ಎಂಬ ಹಟದಿಂದ ಹೊರಟದ್ದು.

ಒಂದೇ ಕೋಣೆಯ ಮನೆ. ಬಾಟಲಿಯ ಮರದ ಪೆಟ್ಟಿಗೆಗಳನ್ನು ಮಗ್ಗುಲಾಗಿಸಿ ಅದನ್ನೇ ಕಪಾಟು ಮಾಡಿಕೊಂಡಿದ್ದರು. ಒಂದರಲ್ಲಿ ಪಾತ್ರೆ, ಒಂದರಲ್ಲಿ ಬಟ್ಟೆ, ಒಂದರಲ್ಲಿ ಮಕ್ಕಳ ಪುಸ್ತಕ. ನೆಲ ಗುಡಿಸಿ ಒರೆಸಿತ್ತು. ಮಾರಿದ ಹಣದ ಗುರುತು ಎಲ್ಲಾದರೂ ಕಾಣುತ್ತದೆಯೇ ಎಂದು ಅಳತೆಯಮ್ಮ ಸುತ್ತ ನೋಡಿದಳು. ಒಂದು ಒಡೆದ ಕನ್ನಡಿ ಬಿಟ್ಟರೆ ಹೊಳೆಯುವ ವಸ್ತುವೇ ಇರಲಿಲ್ಲ.

"ತಗೋ, ನನ್ನ ಎದುರಿಗೆ ತಿನ್ನಿಸು," ಎಂದು ಪೊಟ್ಟಣ ಕೊಟ್ಟಳು.

ತಾಯಿ ಮರುಮಾತಾಡದೆ ಪೊಟ್ಟಣ ಹರಿದು ಬಟ್ಟಲಿಗೆ ಸುರಿದಳು. ಹರಿದ ಸದ್ದು ಕೇಳಿದ್ದೇ ತಡ, ಹೊರಗೆ ಆಡುತ್ತಿದ್ದ ನಾಲ್ಕು ಮಕ್ಕಳು ಒಳಗೆ ಬಂದವು. ಯಾರೂ ಕರೆದಿರಲಿಲ್ಲ. ಯಾರೂ ತಳ್ಳಾಡಲಿಲ್ಲ. ಎತ್ತರದ ಪ್ರಕಾರ ಸಾಲಾಗಿ ಗುಬ್ಬಿಯ ಪಕ್ಕ ಚಕ್ಕಳಮಕ್ಕಳ ಹಾಕಿ ಕೂತು, ಬಾಯಿ ತೆರೆದುಕೊಂಡವು. ತಾಯಿಯ ಕೈ ಅಭ್ಯಾಸಬಲದಿಂದ ಚಮಚದ ಹಿಂಬದಿಯನ್ನು ಪುಡಿಯ ಮೇಲೆ ಎಳೆದು, ಐದು ಪಾಲಿನ ಗೆರೆ ಮಾಡಿ, ಅಲ್ಲೇ ನಿಂತುಬಿಟ್ಟಿತು. ಅವಳು ತಲೆಯೆತ್ತಿ ಅಳತೆಯಮ್ಮನನ್ನು ನೋಡಿದಳು. ಮಕ್ಕಳ ಬಾಯಿ ಇನ್ನೂ ತೆರೆದೇ ಇತ್ತು.

ಆ ಐದು ಪಾಲನ್ನು ಅಳತೆಯಮ್ಮ ಕಣ್ಣಲ್ಲೇ ಎಣಿಸಿದಳು. ಮಕ್ಕಳ ಎದುರಿಗೆ ನೆಲದ ಮೇಲೆ ಕೂತಳು.

"ಇದನ್ನ ಅಲ್ಲೇ ಬಾಯಿಬಿಟ್ಟು ಹೇಳೋಕೆ ಏನಾಗಿತ್ತು ನಿನಗೆ?"

"ಹಂಚಿದ್ರೆ ಬಂದ್ ಅಂತ ನೀವೇ ಕೂಗ್ತೀರಲ್ಲ. ಕಳ್ಳಿ ಅಂದ್ರೆ ನನ್ನೊಬ್ಬಳ ಮೈಗೆ ಅಂಟುತ್ತೆ, ತೊಳ್ಕೊಂಡ್ರೆ ಹೋಗುತ್ತೆ." ಅವಳು ಚಮಚ ಕೆಳಗಿಟ್ಟಳು. "ಒಂದು ಬಾಯಿಗೆ ಹಾಕುವಾಗ ನಾಲ್ಕು ಬಾಯಿ ತೆರ್ಕೊಳ್ತವೆ ಅಮ್ಮಾ. ಈ ನಾಲ್ಕು ಮುಚ್ಚೋದಕ್ಕೆ ನಿಮ್ಮ ಹತ್ರ ಔಷಧಿ ಇದ್ರೆ ಕೊಡಿ. ಗುಬ್ಬಿಗೊಂದಕ್ಕೇ ತಿನ್ನಿಸ್ತೀನಿ."

ಅಂಥ ಔಷಧಿ ಯಾವ ಕಪಾಟಿನಲ್ಲೂ ಇರಲಿಲ್ಲ. "ನನ್ನದು ತಪ್ಪಾಯ್ತು ಕಣಮ್ಮಾ," ಎಂದಳು ಅಳತೆಯಮ್ಮ. ಜೀವಮಾನದಲ್ಲಿ ಗಂಡನಿಗೂ ಹೇಳದ ಮಾತು.

"ಇಲ್ಲಿ ಹೇಳಿದ್ರೆ ಯಾರು ಕೇಳಿಸ್ಕೊಂಡ್ರು?" ಎಂದಳು ಆ ತಾಯಿ. ಸಿಟ್ಟಿಲ್ಲದೆ ಹೇಳಿದಳು. "ಬೈದಿದ್ದು ಅಲ್ಲಿ."

"ಅಲ್ಲೇ ಹೇಳ್ತೀನಿ. ಬರೋ ಪುಡಿ ಮಂಗಳವಾರ, ಎಲ್ಲರ ಮುಂದೆ. ಮಾತು ಕೊಟ್ಟಿದೀನಿ."

ಮರುದಿನದಿಂದ ಗುಬ್ಬಿಯ ಊಟ ಆಸ್ಪತ್ರೆಯ ಹಿಂದಿನ ಮೆಟ್ಟಿಲ ಮೇಲೆ ಶುರುವಾಯಿತು. ಬೆಳಗ್ಗೆ ಒಂದು ಪೊಟ್ಟಣ, ಸಂಜೆ ಒಂದು. ನಾಲ್ಕು ಬಾಯಿಗೆ ಔಷಧಿಯಿಲ್ಲದಿದ್ದರೇನು, ಎಂಟು ಕೈಗೆ ಕೆಲಸ ಕೊಡಬಹುದಲ್ಲ. ಪೊಟ್ಟಣ ಹರಿಯುವ ಅಧಿಕಾರ ದೊಡ್ಡವಳದು. ನೀರು ಅಳೆಯುವುದು ಎರಡನೆಯವನದು. ಕಲೆಸುವುದು ಮೂರನೆಯವಳದು. ನಾಲ್ಕನೆಯವನು ಚಮಚ ಎಣಿಸಬೇಕು. ಅವನಿಗೆ ಏಳರ ಮುಂದೆ ಎಣಿಕೆ ಬರುತ್ತಿರಲಿಲ್ಲ, ಆದ್ದರಿಂದ ಗುಬ್ಬಿ ದಿನವೂ ಏಳು ಚಮಚ, ಮತ್ತೆ ಏಳು ಚಮಚ ಎಂದು ಉಣ್ಣುತ್ತಿತ್ತು. ಕೆಲಸದವರಿಗೆಲ್ಲ ಅಳತೆಯಮ್ಮನ ಚೀಲದಿಂದ ಒಂದೊಂದು ಹಿಡಿ ಹುರಿದ ಕಡಲೆಕಾಯಿ. ಕಾಂಪೌಂಡರ್ ಬಾಗಿಲಿಗೆ ಒರಗಿ ನಿಂತು, "ನನಗೂ ಒಂದು ಕೆಲಸ ಕೊಡ್ರಪ್ಪಾ, ನನ್ನ ಮನೇಲೂ ಕಡಲೆಕಾಯಿ ಇಲ್ಲ," ಅನ್ನುತ್ತಿದ್ದ. ಅವನಿಗೆ ನೊಣ ಓಡಿಸುವ ಕೆಲಸ ಸಿಕ್ಕಿತು.

ಆ ಹದಿನೈದು ದಿನಗಳಷ್ಟು ಸುಖವಾದ ದಿನಗಳು ತನ್ನ ನೌಕರಿಯಲ್ಲೇ ಇರಲಿಲ್ಲ ಎಂದು ಅಳತೆಯಮ್ಮನಿಗೆ ಇವತ್ತಿಗೂ ಅನ್ನಿಸುತ್ತದೆ. ಎಂಟನೆಯ ದಿನ ಗುಬ್ಬಿ ಚಮಚ ತಡವಾಯಿತೆಂದು ಕಿಟಾರನೆ ಕಿರುಚಿ ಅತ್ತಿತು. ಅಕ್ಕ ಅಣ್ಣಂದಿರು ಗಾಬರಿಯಾದರು. ಅಳತೆಯಮ್ಮ ಮಾತ್ರ, "ಅಳಲಿ ಬಿಡ್ರೋ, ಅಳಲಿ," ಎಂದು ತಾನೂ ಕಣ್ಣೊರೆಸಿಕೊಂಡಳು. ಸಂಜೆ ಶೆಡ್ಡಿನ ಕೆಲಸ ಮುಗಿಸಿ ಬಂದ ತಾಯಿ ಒಂದು ಮೆಟ್ಟಿಲು ಕೆಳಗೆ ಕೂತು ಸುಮ್ಮನೆ ನೋಡುತ್ತಿದ್ದಳು. ಅಳತೆಯಮ್ಮ ಕೊಟ್ಟ ಮಾತನ್ನು ಮಾತ್ರ ಮತ್ತೆ ಎತ್ತಲಿಲ್ಲ.

ಮಂಗಳವಾರ ಬಂತು. ಪಟ್ಟಿ ಸುತ್ತಿ ಎಳೆದರೆ ಕಿಂಡಿಯಲ್ಲಿ ಹಳದಿ! ಕೆಂಪಿನ ಅಂಚು ದಾಟಿ ಕಾಳಿನಷ್ಟು ಹಳದಿ. ಅಳತೆಯಮ್ಮ ಮಗುವನ್ನು ಎತ್ತಿ ಸಾಲಿಗೆಲ್ಲ ತೋರಿಸಿದಳು. ಹೇಳಲು ಬಾಯಿಯನ್ನೂ ತೆರೆದಳು. ಆಗ ಬಾಗಿಲಲ್ಲಿ ಜೀಪು ನಿಂತಿತು. ಮೇಲಿನ ಕಚೇರಿಯ ಸಾಹೇಬರು ತನಿಖೆಗೆ ಬಂದಿದ್ದರು. ಅವರ ಮುಂದೆ, ಇವಳು ಪುಡಿ ಮಾರಲಿಲ್ಲ, ಮಕ್ಕಳಿಗೆಲ್ಲ ಹಂಚಿದಳು ಎಂದರೆ? ಬೈದು ಅವಮಾನ ಮಾಡಿದವಳು ನಾನು ಎಂದರೆ? ಅಳತೆಯಮ್ಮ ತಿರುಗಿ ಲೆಕ್ಕದ ಪುಸ್ತಕವನ್ನು ಸಾಹೇಬರ ಮುಂದಿಟ್ಟಳು. ಮುಂದಿನ ಸಲ ಹೇಳಿದರಾಯಿತು ಎಂದುಕೊಂಡಳು. ಆ ತಾಯಿ ಸಾಲಿನಲ್ಲಿ ನಿಂತು ಕಾಯುತ್ತಿದ್ದಳು. ಸಾಹೇಬರು ಹೋಗುವವರೆಗೂ ಕಾದು, ಆಮೇಲೆ ಮಗುವನ್ನು ಎತ್ತಿಕೊಂಡು ಹೋದಳು.

ಮುಂದಿನ ಸಲ ಅನ್ನುವುದು ಬರಲಿಲ್ಲ. ಅದೇ ವಾರ ಬಾಟಲಿ ಶೆಡ್ಡು ಬೇರೆ ಊರಿಗೆ ಹೋಯಿತು, ಕೆಲಸದವರೂ ಅದರ ಹಿಂದೆಯೇ ಹೋದರು. ಸುದ್ದಿ ತಿಳಿದು ಅಳತೆಯಮ್ಮ ಓಡಿದಾಗ ಅಂಗಳದಲ್ಲಿ ಹಸಿರು ಗಾಜಿನ ಚೂರುಗಳಿದ್ದವು. ಎಲ್ಲಿಗೆ ಹೋದರೆಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ದಿಕ್ಕು ತೋರಿಸಿದರು. ಇಲ್ಲದವಳ ಬಗ್ಗೆ ಹೇಳಿ ಏನು ಪ್ರಯೋಜನ ಎಂದು ಅವಳು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಆ ಸಮಾಧಾನ ಒಂದು ದಿನವೂ ನಿಜವಾಗಿ ನಿಲ್ಲಲಿಲ್ಲ. ಊರು ಬಿಟ್ಟುಹೋದವಳು ಈ ಕೋಣೆಯಲ್ಲಿ ಕಳ್ಳಿಯಾಗಿಯೇ ಉಳಿದಿದ್ದಾಳೆ, ಅದೂ ನಗೆಯ ಕಥೆಯಾಗಿ, ಎಂದು ಈಗ ಗೊತ್ತಾಯಿತು.

ನಗು ಇನ್ನೂ ಪೂರ್ತಿ ಇಳಿದಿರಲಿಲ್ಲ. ಇದೊಂದು ದಿನ ಬಿಟ್ಟುಬಿಡು, ಸಂತೋಷದಿಂದ ಕಳಿಸಿಕೊಡುತ್ತಿದ್ದಾರೆ, ಚಹಾ ಕುಡಿದು ಮನೆಗೆ ಹೋಗು ಎಂದಿತು ಮನಸ್ಸು. ಅಳತೆಯಮ್ಮ ಲೋಟ ಕೆಳಗಿಟ್ಟು ಎದ್ದು ನಿಂತಳು. ನಿಂತ ಮೇಲೆ ಮೈಗೆ ಹಾಯೆನಿಸಿತು.

"ಅದು ಸುಳ್ಳು," ಎಂದಳು. "ಅವಳು ಪುಡಿ ಮಾರಲಿಲ್ಲ. ಐದು ಮಕ್ಕಳಿಗೆ ಐದು ಪಾಲು ಮಾಡಿ ಹಂಚಿದ್ಲು. ನಾನು ಅವಳ ಮನೆಗೆ ಹೋಗಿ ಕಣ್ಣಾರೆ ನೋಡಿದೀನಿ. ಇಲ್ಲೇ ನಿಂತು ಕಳ್ಳಿ ಅಂದೆ. ಇಲ್ಲೇ ನಿಂತು ತಪ್ಪಾಯ್ತು ಅಂತೀನಿ ಅಂತ ಮಾತು ಕೊಟ್ಟೆ. ಸಾಹೇಬರಿಗೆ ಹೆದರಿ ಹೇಳ್ಲಿಲ್ಲ. ಈಗ ಹೇಳ್ತಿದೀನಿ. ಕಳ್ಳಿ ಅಲ್ಲ ಅವಳು. ತಪ್ಪು ನಂದು."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಹುಡುಗಿಯರು ಬಾಯಿ ತೆರೆದು ನೋಡಿದರು. ವಿಚಿತ್ರವೆಂದರೆ ವಯಸ್ಸಾದವರು ಒಬ್ಬರೂ ಅವಳನ್ನು ನೋಡಲಿಲ್ಲ. ಒಬ್ಬಳು ಚಾಪೆಯ ಎಳೆ ಕೀಳತೊಡಗಿದಳು. ಇನ್ನೊಬ್ಬಳು ನಿದ್ದೆ ಹೋಗಿದ್ದ ಮೊಮ್ಮಗುವನ್ನು ತಟ್ಟಿದಳು. ಇಸ್ತ್ರಿ ಅಂಗಡಿಯವಳ ಮುಖದ ಬಣ್ಣ ಹಾರಿಹೋಗಿತ್ತು.

ಕೊನೆಗೆ ಗೋಡೆಯ ಪಕ್ಕದಿಂದ ಪೊರಕೆ ಅಜ್ಜಿ ಮಾತಾಡಿದಳು. ಪೊರಕೆ ಕಟ್ಟಿ ಮಾರಿ ಮೂರು ಮೊಮ್ಮಕ್ಕಳನ್ನು ಸಾಕಿದವಳು, ಪುಡಿಯ ಸಾಲಿನಲ್ಲಿ ಎಲ್ಲರಿಗಿಂತ ಹಳಬಳು.

"ನಮಗೆ ಗೊತ್ತಿತ್ತು."

"ಏನು ಗೊತ್ತಿತ್ತು?"

"ಅವಳು ಹಂಚ್ತಾಳೆ ಅಂತ. ಗೊತ್ತಿಲ್ದೆ ಏನಮ್ಮಾ? ಒಂದೇ ಗೋಡೆ, ಒಂದೇ ನಲ್ಲಿ. ಚಮಚದ ಹಿಂಬದೀಲಿ ಸಮಪಾಲು ಮಾಡೋದನ್ನ ಅವಳಿಗೆ ಹೇಳಿಕೊಟ್ಟೋಳೇ ನಾನು." ಅಜ್ಜಿ ಉಸಿರೆಳೆದುಕೊಂಡಳು. "ಅವತ್ತು ಸಾಲಲ್ಲಿ ಮೂವತ್ತು ಜನ ಇದ್ವಿ. ಮೂವತ್ತು ಮನೇಲೂ ಹಂಚ್ತಿದ್ವಿ. ಈ ಇಸ್ತ್ರಿ ಅಂಗಡಿಯೋಳೂ ಹಂಚ್ತಿದ್ಲು."

ಇಸ್ತ್ರಿ ಅಂಗಡಿಯವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ನಕ್ಕು ಹೇಳಿದ್ರೆ, ನೀನೂ ಹಂಚ್ತಿದ್ಯಾ ಅಂತ ಯಾರೂ ತಿರುಗಿ ಕೇಳಲ್ಲ ಅಂತ…" ಎಂದಳು.

ಅಳತೆಯಮ್ಮನ ಕಣ್ಣ ಮುಂದೆ ಮೂವತ್ತೊಂದು ವರ್ಷದ ತೋಳುಗಳು ಬಂದವು. ತಿಂಗಳುಗಟ್ಟಲೆ ಕೆಂಪಿನಲ್ಲೇ ಕೂತು ಅವಳನ್ನು ಸತಾಯಿಸಿದ ತೋಳುಗಳು. ಹೊಟ್ಟೆಹುಳ ಎಂದು ಬರೆದಿದ್ದಳು, ಕೆಟ್ಟ ನೀರು ಎಂದು ಬರೆದಿದ್ದಳು, ಹಲ್ಲು ಬರುತ್ತಿದೆ ಎಂದು ಬರೆದಿದ್ದಳು. ಆ ಐದು ಬಾಯಿ ನೋಡಿದ ಮೇಲೂ, ಮನೆಯಲ್ಲಿ ಎಷ್ಟು ಬಾಯಿ ಎಂದು ಮಾತ್ರ ಒಂದು ಸಲವೂ ಕೇಳಿರಲಿಲ್ಲ.

"ನೀವೂ ಹಂಚ್ತೀರಿ ಅಂತ ಅವಳಿಗೆ ಗೊತ್ತಿತ್ತಾ?"

"ಗೊತ್ತಿತ್ತು. 'ನಾನೊಬ್ಬಳೇ ಅಲ್ಲ' ಅಂತ ಅವಳು ಅಂದಿದ್ರೆ ಅಷ್ಟೂ ಜನದ ಪುಡಿ ಅವತ್ತೇ ನಿಂತುಹೋಗ್ತಿತ್ತು. ನೀವು ಬೈತಾನೇ ಇದ್ರಿ. ನಾವೆಲ್ಲಾ ಉಸಿರು ಬಿಗಿಹಿಡ್ಕೊಂಡು ನಿಂತಿದ್ವಿ, ಈಗ ಹೇಳ್ತಾಳೆ, ಈಗ ಹೇಳ್ತಾಳೆ ಅಂತ. ಹೇಳ್ಲಿಲ್ಲ. ಒಂದು ಹೆಸರೂ ಎತ್ತಲಿಲ್ಲ."

ಅಳತೆಯಮ್ಮ ಮೆಲ್ಲಗೆ ಬಂದು ಅಜ್ಜಿಯ ಪಕ್ಕ ಚಾಪೆಯ ಮೇಲೆ ಕೂತಳು. ಅವಳಿಗೆ ಅಳು ಬಂದಿತ್ತು, ತಡೆಯಲು ಹೋಗಲಿಲ್ಲ. "ಆಮೇಲಾದ್ರೂ ಅವಳ ಹತ್ರ ಯಾರಾದ್ರೂ ಹೋಗಿ ಒಂದು ಮಾತಾಡಿದ್ರಾ?" ಎಂದು ಕೇಳಿದಳು.

"ಇಲ್ಲ," ಎಂದಳು ಅಜ್ಜಿ. "ಮುಖ ಎಲ್ಲಿತ್ತು? ನಲ್ಲಿ ಹತ್ರ ಅವಳು ಬಂದ್ರೆ ನಾವು ಕೊಡ ಎತ್ಕೊಂಡು ಹೊರಟುಬಿಡ್ತಿದ್ವಿ. ಅವಳ ಮನೆ ಬಾಗಿಲಿಗೆ ಹೋದೋರು ನೀವೊಬ್ಬರೇ."